ಚಪ್ಪಾಳೆ ಬಾಜೂ ಟೇಬಲಿನವರಿಗೆ

ಗೋವಾದ ಪ್ರೋಗ್ರಾಮರುಗಳೆಲ್ಲ ವರ್ಷಕ್ಕೊಮ್ಮೆ ಪಣಜಿಯಲ್ಲಿ ಸೇರಿ ಸಮ್ಮೇಳನ ಮಾಡುತ್ತಿದ್ದ ಕಾಲವೊಂದಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಸೇರಿದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು. ಆಗುವುದು ಪ್ರತಿ ಸಲವೂ ನನಗೇ ಆಗುತ್ತಿತ್ತು. ಅದರಿಂದ ಬರುವ ಒಳ್ಳೆಯ ಹೆಸರು ಮಾತ್ರ ಬಾಜೂ ಟೇಬಲಿನವರಿಗೆ ಹೋಗುತ್ತಿತ್ತು.

ಬಾಜೂ ಟೇಬಲಿನವರು ಅಂದರೆ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲಿಗೆ ಕೂರುತ್ತಿದ್ದವರು. ವಾಸ್ಕೋದಲ್ಲಿ ನಮ್ಮದು ಬಾರ್ಜು ಕಂಪನಿ. ಗಣಿಯ ಅದಿರನ್ನು ನದಿದಂಡೆಯಲ್ಲಿ ತುಂಬಿಕೊಂಡು ಬಂದರಿನ ಹಡಗಿಗೆ ಮುಟ್ಟಿಸುವ ಚಪ್ಪಟೆ ದೋಣಿಗಳಿಗೆ ಬಾರ್ಜು ಅನ್ನುತ್ತಾರೆ. ಕಂಪನಿಯಲ್ಲಿ ಬಾರ್ಜು ಬಹಳ, ಪ್ರೋಗ್ರಾಮರು ಇಬ್ಬರೇ. ನಾನು ಗದಗಿನ ಕಡೆಯವನು, ಅವರು ಹುಬ್ಬಳ್ಳಿಯವರು. ಒಂದೇ ದಿನ ಕೆಲಸಕ್ಕೆ ಸೇರಿದವರು. ಪಗಾರಿನ ಪ್ರೋಗ್ರಾಮು ಅವರದು, ಬಾರ್ಜುಗಳ ಓಡಾಟದ್ದು ನನ್ನದು. ಪಗಾರ ಯಾರ ಪ್ರೋಗ್ರಾಮಿನಿಂದ ಬರುತ್ತದೋ ಅವರನ್ನು ಕಂಡರೆ ಜನ ನಗುತ್ತಾರೆ. ಬಾರ್ಜು ತಡವಾದದ್ದು ಯಾರ ಪ್ರೋಗ್ರಾಮಿನಿಂದ ಗೊತ್ತಾಗುತ್ತದೋ ಅವರನ್ನು ಕಂಡರೆ ಚಹಾದ ಕಪ್ಪು ಎತ್ತಿಕೊಂಡು ಆಚೆ ಹೋಗುತ್ತಾರೆ. ಇದು ಕೆಲಸದ ಹಂಚಿಕೆಯ ಮಾತು. ಇದರಲ್ಲಿ ಯಾರಿಗಾದರೂ ಹೊಟ್ಟೆಕಿಚ್ಚು ಕಂಡರೆ ಅದು ಅವರವರ ಸಂಸ್ಕಾರ.

ನನಗಿದ್ದದ್ದು ಒಂದೇ ಆಸೆ. ಆ ಸಮ್ಮೇಳನದ ವೇದಿಕೆ ಹತ್ತಬೇಕು, ನನ್ನ ಬಾರ್ಜು ಪ್ರೋಗ್ರಾಮು ತೋರಿಸಬೇಕು, ಚಪ್ಪಾಳೆ ತೆಗೆದುಕೊಂಡು ಇಳಿಯಬೇಕು. ಇದನ್ನೆಲ್ಲ ನನ್ನ ಹೆಂಡತಿ ಕೆಳಗೆ ಕೂತು ನೋಡಬೇಕು. ಯಾಕೆಂದರೆ ನನ್ನ ಕೆಲಸ ಏನೆಂದು ನಾನು ಎಷ್ಟೇ ಬಿಡಿಸಿ ಹೇಳಿದರೂ ಅವಳು ತವರಿನವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಟೈಪಿಂಗ್ ಮಾಡ್ತಾರ್ರಿ."

ಹೆಬ್ಬೆರಳು

ಆಗ ಯಾವ ಆಫೀಸಿಗೆ ಹೋದರೂ ಕಂಪ್ಯೂಟರಿನ ಕೋಣೆ ಅಂದರೆ ಗರ್ಭಗುಡಿ. ಅದಕ್ಕೆ ಎ.ಸಿ., ಅದಕ್ಕೆ ದಪ್ಪ ಪರದೆ, ಅದರ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ. ಧೂಳು ಬಿದ್ದರೆ ಯಂತ್ರ ಸಾಯುತ್ತದೆಂದು ನಮಗೆ ಕಲಿಸಿದ್ದರು. ನಾವು ನಂಬಿದ್ದೆವು.

ಮೊದಲ ವರ್ಷದ ಸಮ್ಮೇಳನ ಪಣಜಿಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ. ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದ ಗೋವಾದ ದೊಡ್ಡ ಮನುಷ್ಯರು. ಕಾರವಾರದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರಿಂದ ನಮ್ಮ ಜೊತೆ ಕನ್ನಡದಲ್ಲೇ ಮಾತು. ಎದುರಿಗೆ ಯಾರೇ ಬರಲಿ, "ಪಾತ್ರಾಂವ್" ಅನ್ನುತ್ತಿದ್ದರು. ಯಜಮಾನರೇ ಅಂದ ಹಾಗೆ. ಅವರು ಮೈಕಿನ ಮುಂದೆ ನಿಂತು, "ಪಾತ್ರಾಂವ್, ಮಶೀನು ವೇದಿಕೆಯ ಮೇಲೆ ಬಂದಿದೆ" ಎಂದಷ್ಟೇ ಹೇಳಿದರು. ಸಭೆಗೆ ಸಭೆಯೇ ಎದ್ದು ಹೊರಗೆ ಹೋಗಿ ಬೂಟು ಬಿಚ್ಚಿ ಒಳಗೆ ಬಂತು. ಬಿಚ್ಚಿರಿ ಎಂದು ಯಾರೂ ಹೇಳಿರಲಿಲ್ಲ. ಮೆಟ್ಟಿಲ ತುಂಬ ಬೂಟು ನೋಡಿ ಕೆಳಗಿನ ಬೇಕರಿಯವರು ಮೇಲೆ ಭಜನೆ ನಡೆದಿದೆ ಅಂದುಕೊಂಡರಂತೆ.

ಮನೆ ಬಿಡುವಾಗ ಹೆಂಡತಿ ಹೇಳಿದ್ದಳು: "ಚಪ್ಪಲಿ ಹಾಕ್ಕೊಂಡು ಹೋಗ್ರಿ, ಸುಮ್ನ ಬೂಟ್ಯಾಕ?"

ಸಮ್ಮೇಳನಕ್ಕೆ ಬೂಟೇ ಶೋಭೆ ಎಂದು ನಾನು ಬೂಟು ಹಾಕಿದ್ದೆ. ಒಳಗಿನ ಕಾಲುಚೀಲದ ವಿಚಾರ ಯಾರು ಮಾಡುತ್ತಾರೆ? ಬಲಗಾಲಿನ ಹೆಬ್ಬೆರಳು ಪೂರ್ತಿ ಹೊರಗೆ ಬಂದು ಸಭೆಯನ್ನು ನೋಡುತ್ತಿತ್ತು. ಎಡಗಾಲನ್ನು ಅದರ ಮೇಲಿಟ್ಟು ಕೂತೆ.

"ಯಾರಾದರೂ ಮೊದಲು ಬಂದು ತಮ್ಮ ಪ್ರೋಗ್ರಾಮು ತೋರಿಸಿ" ಎಂದರು ಅಧ್ಯಕ್ಷರು.

ನನ್ನ ಜೇಬಿನಲ್ಲಿ ಫ್ಲಾಪಿ ಇತ್ತು. ಬಾಜೂ ಟೇಬಲಿನವರು ಮೊಣಕೈಯಿಂದ ತಿವಿದರು. "ಹೋಗ್ರಿ, ನಿಮ್ಮ ಬಾರ್ಜಿಂದು ತೋರಸ್ರಿ. ಭಾಳ ಚಲೋ ಐತಿ ಅದು."

ವೇದಿಕೆ ಎಷ್ಟು ಎತ್ತರ ಎಂದು ನೋಡಿದೆ. ಮುಂದಿನ ಸಾಲಿನಲ್ಲಿ ಕೂತ ಕಾಲೇಜಿನ ಮೇಡಮ್ಮುಗಳ ಕಣ್ಣಿಗೂ ನನ್ನ ಹೆಬ್ಬೆರಳಿಗೂ ಸರಿಯಾಗಿ ನೇರ. "ಮೊದಲ ನೀವು ಹೋಗ್ರಿ" ಎಂದೆ.

ಅವರು ಹೋದರು. ಅವರ ಕಾಲುಚೀಲ ನೀಲಿ ಬಣ್ಣದ್ದು, ಮೇಲೆ ಬಿಳಿ ಪಟ್ಟಿ. ಯಂತ್ರ ಶುರು ಮಾಡಿದರು. ಆಗಿನ ಯಂತ್ರಗಳು ಎದ್ದ ಕೂಡಲೇ ಇವತ್ತು ತಾರೀಖು ಎಷ್ಟೆಂದು ಕೇಳುತ್ತಿದ್ದವು. ನಾವು ಯಾರೂ ಹೇಳುತ್ತಿರಲಿಲ್ಲ. ಎಂಟರ್ ಕೀಲಿ ಒತ್ತಿ ಮುಂದೆ ಹೋಗುತ್ತಿದ್ದೆವು. ಬಾಗಿಲಲ್ಲಿ ಬಿದ್ದ ನಾಯಿಯನ್ನು ದಾಟಿ ಒಳಗೆ ಹೋಗುತ್ತೇವಲ್ಲ, ಹಾಗೆ. ಅವರೂ ಎಂಟರ್ ಒತ್ತಿದರು. ಪರದೆ ಸಣ್ಣದು, ಮುಂದಿನ ಸಾಲಿಗೆ ಬಿಟ್ಟು ಯಾರಿಗೂ ಕಾಣದು. ಆದ್ದರಿಂದ ಪರದೆಯ ಮೇಲೆ ಬಂದದ್ದನ್ನೆಲ್ಲ ಅಧ್ಯಕ್ಷರು ಕ್ರಿಕೆಟ್ ಕಾಮೆಂಟರಿಯಂತೆ ಮೈಕಿನಲ್ಲಿ ಓದಿ ಹೇಳಿದರು. ಮೂಲ ಪಗಾರ ಓದಿದರು, ಕಡಿತ ಓದಿದರು, ಕೈಗೆ ಬರುವುದನ್ನು ಓದಿದರು. ಕೈಗೆ ಬರುವುದನ್ನು ಓದಿದಾಗ ಸಭೆ ಚಪ್ಪಾಳೆ ಹೊಡೆಯಿತು. ಅಂದಿನಿಂದ ಬಾಜೂ ಟೇಬಲಿನವರು ಸಮ್ಮೇಳನದ ಕಾಯಂ ಭಾಷಣಕಾರರಾದರು.

ಸಮ್ಮೇಳನ ಮರುದಿನವೂ ಇತ್ತು. ಸಂಜೆಯೇ ವಾಸ್ಕೋ ಪೇಟೆಗೆ ಹೋಗಿ ಹೊಸ ಕಾಲುಚೀಲ ತಂದೆ. ಬೆಳಗ್ಗೆ ಹಾಕಿಕೊಂಡು ಹೋದರೆ ಅಧ್ಯಕ್ಷರು ಮೈಕಿನಲ್ಲಿ ಹೇಳುತ್ತಿದ್ದರು: "ನಿನ್ನೆ ಕೆಲವರ ಬೂಟು ಅದಲು ಬದಲಾಗಿವೆ. ಇವತ್ತಿನಿಂದ ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಬನ್ನಿ."

ಆ ಹೊಸ ಕಾಲುಚೀಲವನ್ನು ನೋಡಿದ್ದು ನನ್ನ ಬೂಟು ಮಾತ್ರ.

ಕಿಟಕಿ ಸೀಟು

ಮರುವರ್ಷ ನಮ್ಮ ಕಂಪನಿ ಎತ್ತಿಕೊಂಡು ಓಡಾಡುವಂಥ ಕಂಪ್ಯೂಟರು ಕೊಂಡಿತು. ಎತ್ತಿಕೊಂಡು ಓಡಾಡಬಹುದು ಎಂದು ಬರೆದವರು ಅದನ್ನು ಎತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಹಿಡಿಕೆ ಹಾಕಿದಂತಿತ್ತು. ಭಾಷಣ ಬಾಜೂ ಟೇಬಲಿನವರದು, ಯಂತ್ರಕ್ಕೆ ಒಂದು ಕೈ ಹಿಡಿಯುವ ಕೆಲಸ ನನ್ನದು. ವಾಸ್ಕೋದಿಂದ ಪಣಜಿಯ ಬಸ್ಸು ಹಿಡಿದೆವು.

ಖಾಲಿ ಇದ್ದದ್ದು ಎರಡೇ ಸೀಟು. ಕಿಟಕಿಯ ಸೀಟಿನಲ್ಲಿ ಕಂಪ್ಯೂಟರನ್ನು ಕೂರಿಸಿ ಬಾಜೂ ಟೇಬಲಿನವರು ಅದರ ಪಕ್ಕ ಕೂತರು. ನನ್ನ ಮುಖ ನೋಡಿ, "ನೀವು ಕುಂದರ್ರಿ, ನಾ ನಿಂದರತೇನಿ" ಎಂದರು. ಹೀಗೆ ಅಂದವರ ಸೀಟಿನಲ್ಲಿ ಹೇಗೆ ಕೂರುವುದು? "ಇರ್ಲಿ ಬಿಡ್ರಿ" ಎಂದೆ. ಅವರು ಇರಲಿ ಬಿಟ್ಟರು.

ಕೊರ್ತಾಲಿಮಿನಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು. ನಮ್ಮ ಕಡೆಯವಳೇ. ಕೈಯಲ್ಲಿ ಮಣಿಸರಗಳ ಗಂಟು. ಸಮುದ್ರದಂಡೆಯಲ್ಲಿ ಫಾರಿನ್ನಿನವರಿಗೆ ಮಾರಲು ಹೊರಟಿದ್ದಳು. ಕಿಟಕಿಯ ಸೀಟು ನೋಡಿದವಳೇ ಕೇಳಿದಳು:

"ಯಣ್ಣಾ, ಆ ಪೆಟ್ಟಿಗಿ ಕೆಳಗ ಇಟ್ರ ಒಬ್ಬರು ಕುಂದರಬಹುದಲ್ಲ?"

"ಕೆಳಗ ಇಡಾಕ ಬರಂಗಿಲ್ಲವ್ವಾ. ಅಲುಗಾಡಿದ್ರ ಕೆಡತೈತಿ. ಕಂಪ್ಯೂಟರ್ ಅದು."

"ಏನ್ ಮಾಡತೈತಿ?"

"ಪಗಾರದ ಲೆಕ್ಕ ಮಾಡತೈತಿ."

ಅವಳ ಮುಖ ಗಂಭೀರವಾಯಿತು. "ನಮ್ಮ ಯಜಮಾನ ಪರ್ವರಿಯಾಗ ಬಿಲ್ಡಿಂಗ್ ಕೆಲಸಕ್ಕ ಹೋಗತಾನ. ಮೇಸ್ತ್ರಿ ಬಾಯಿಲೆ ಲೆಕ್ಕ ಹೇಳತಾನ. ಬಾಯಿಲೆ ಹೇಳಿದ್ದು ವಾರದಾಗ ಸಣ್ಣದಾಗತೈತಿ. ಇದು ಹೇಳಿದ್ದು ಸಣ್ಣದಾಗತೈತೇನು?"

"ಇಲ್ಲವ್ವಾ."

"ಹಂಗಾದ್ರ ಕುಂದರ್ಲಿ ಬಿಡ್ರಿ" ಅಂದಳು.

ಬಾಜೂ ಟೇಬಲಿನವರು ತಕ್ಷಣ ಎದ್ದು ತಮ್ಮ ಸೀಟು ಅವಳಿಗೆ ಕೊಟ್ಟರು. ನನಗೂ ಆ ಬುದ್ಧಿ ಇತ್ತು, ಕೊಡಲು ಸೀಟಿರಲಿಲ್ಲ. ಅವಳು ಕಂಪ್ಯೂಟರಿನ ಪಕ್ಕ ಕೂತು, "ಇದಕ್ಕ ಸೆಕಿ ಆಗತೈತೇನು?" ಎಂದು ಕೇಳಿದಳು. ಸೆಕೆಯಾದರೆ ಕೆಡುತ್ತದೆ ಎಂದು ಬಾಜೂ ಟೇಬಲಿನವರು ಹೇಳಿದ್ದೇ ತಡ, ಸೆರಗಿನಿಂದ ಅದಕ್ಕೆ ಗಾಳಿ ಹಾಕತೊಡಗಿದಳು. ನಾನು ಅದರ ಪಕ್ಕದಲ್ಲೇ ಬೆವರುತ್ತ ನಿಂತಿದ್ದೆ. ಕಂಡಕ್ಟರು ಬಂದು "ಫುಡೆಂ, ಫುಡೆಂ" ಎಂದು ನನ್ನ ಪಕ್ಕೆಗೆ ಗುದ್ದಿ ಮುಂದೆ ದಬ್ಬಿದ. ಕಂಪ್ಯೂಟರಿಗೆ ತಾಗದಂತೆ ಮೈ ವಾರೆ ಮಾಡಿಕೊಂಡು ಹೋದ.

"ಆವಾಗಿಂದ ನಿಂತಾರಲ್ಲ, ಅವರೂ ನಿಮ್ಮ ಕೂಡನ ಬಂದವರೇನ್ರಿ?" ಎಂದು ಅವಳು ವಿಚಾರಿಸಿದಳು.

"ಹೌದವ್ವಾ. ಭಾಳ ದೊಡ್ಡ ಪ್ರೋಗ್ರಾಮರ್ ಅವರು."

ಅವಳು ನನ್ನನ್ನೊಮ್ಮೆ ನೋಡಿದಳು, ಸೀಟಿನಲ್ಲಿ ಕೂತ ಪೆಟ್ಟಿಗೆಯನ್ನೊಮ್ಮೆ ನೋಡಿದಳು. "ಯಾರು ದೊಡ್ಡವರಂತ ಕಾಣಾಕತ್ತೈತಿ ಬಿಡ್ರಿ."

ಪಣಜಿಯಲ್ಲಿ ಇಳಿಯುವಾಗ ಗಂಟಿನಿಂದ ಒಂದು ಮಣಿಸರ ತೆಗೆದು ಕಂಪ್ಯೂಟರಿನ ಹಿಡಿಕೆಗೆ ಕಟ್ಟಿದಳು. "ದೃಷ್ಟಿ ತಾಗಬಾರದು" ಎಂದಳು. ಬಾಜೂ ಟೇಬಲಿನವರು ಭಾಷಣ ಶುರು ಮಾಡಿದ್ದೇ ಆ ಮಣಿಸರದಿಂದ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವರ ಕಥೆಯಲ್ಲಿ ಆ ಹೆಣ್ಣುಮಗಳಿದ್ದಳು, ಅವಳ ಗಂಡನಿದ್ದ, ಮೇಸ್ತ್ರಿ ಇದ್ದ. ವಾಸ್ಕೋದಿಂದ ಪಣಜಿಯ ತನಕ ನಿಂತೇ ಬಂದವನಿರಲಿಲ್ಲ.

ಮಣಿಸರ ಬಹಳ ವರ್ಷ ಆ ಹಿಡಿಕೆಯಲ್ಲೇ ಇತ್ತು. ಒಳ್ಳೆಯ ಮಣಿಗಳು. ನಾನು ದಿನಾ ದಿಟ್ಟಿಸಿ ನೋಡುತ್ತಿದ್ದರೂ ಯಂತ್ರಕ್ಕೆ ಏನೂ ಆಗಲಿಲ್ಲ.

ಸಣ್ಣ ಸಂಖ್ಯೆ

ಅದೇ ಸಮ್ಮೇಳನದ ಎರಡನೆಯ ದಿನ ಹೆಂಡತಿ, ಮಗಳು ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ನಮ್ಮ ಕಸುಬು ಎಂಥದೆಂದು ಕಣ್ಣಾರೆ ನೋಡಲಿ ಎಂಬುದು ನನ್ನ ಲೆಕ್ಕ. ಪಣಜಿ ನೋಡಿದಂತಾಗುತ್ತದೆ ಎಂಬುದು ಹೆಂಡತಿಯ ಲೆಕ್ಕ.

ಅಂದೂ ಬಾಜೂ ಟೇಬಲಿನವರದೇ ಮಾತು. ಯಂತ್ರ ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಹೇಗೆ ಸಾಲು ಹಚ್ಚುತ್ತದೆ ಎಂಬ ವಿಷಯ. ಎರಡು ಮಾತು ಆಡಿರಲಿಕ್ಕಿಲ್ಲ, ಕರೆಂಟು ಹೋಯಿತು. ಮೈಕು ಸತ್ತಿತು, ಫ್ಯಾನು ನಿಂತವು, ಯು.ಪಿ.ಎಸ್. ಕುಂಯ್ ಕುಂಯ್ ಅಂದು ಅಂದು ಅದೂ ಕಣ್ಣು ಮುಚ್ಚಿತು. ಯಂತ್ರವಿಲ್ಲದೆ ಪ್ರೋಗ್ರಾಮರು ಏನು ಮಾತಾಡುತ್ತಾನೆ? ದೇವರು ಇದ್ದಾನೆ ಎಂದು ನನಗೆ ಮೊದಲ ಸಲ ಗಟ್ಟಿಯಾಗಿ ಅನ್ನಿಸಿತು.

ಬಾಜೂ ಟೇಬಲಿನವರು ವೇದಿಕೆಯ ಅಂಚಿಗೆ ಬಂದರು. "ಕರೆಂಟ್ ಹೋದ್ರ ಹೋಗ್ಲಿ. ನಾಕೈದು ಮಂದಿ ಮ್ಯಾಲೆ ಬರ್ರಿ. ನೀವs ಸಂಖ್ಯಿ, ನಾನs ಯಂತ್ರ."

ಬ್ಯಾಂಕಿನ ಉದ್ದನೆಯ ಮನುಷ್ಯರೊಬ್ಬರು ಹೋದರು. ಗಣಿ ಆಫೀಸಿನ ದಪ್ಪನೆಯವರು ಹೋದರು. ಇನ್ನಿಬ್ಬರು ಹೋದರು. ಬಾಜೂ ಟೇಬಲಿನವರ ಕಣ್ಣು ಸಭೆಯ ತುಂಬ ಓಡಾಡಿ ನನ್ನ ಮೇಲೆ ಬಂದು ನಿಂತಿತು. "ಬರ್ರಿ ಬರ್ರಿ, ನೀವಿಲ್ಲಂದ್ರ ಹೆಂಗ? ನಮಗ ಒಂದು ಸಣ್ಣ ಸಂಖ್ಯಿ ಬೇಕಾಗೈತಿ."

ನನ್ನ ಎತ್ತರ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. ಹೆಂಡತಿಯ ಮುಂದೆ ಇಲ್ಲ ಅನ್ನಲಾಗದೆ ಹೋದೆ. ನಾನು ಅಷ್ಟು ದಿನ ಕನಸು ಕಂಡ ವೇದಿಕೆ ಹತ್ತಿದ್ದು ಹೀಗೆ.

ಸಾಲಿನ ಬಲತುದಿಯಲ್ಲಿ ನನ್ನನ್ನು ನಿಲ್ಲಿಸಿದರು. "ಈಗ ನೋಡ್ರಿ. ಯಂತ್ರ ಬಾಜೂಬಾಜೂಕ ಇದ್ದ ಇಬ್ಬರನ್ನ ಅಳೀತೈತಿ. ಸಣ್ಣಾಂವ ಬಲಕ್ಕಿದ್ರ ಜಾಗಾ ಬದಲಿ." ನನ್ನ ಭುಜ ಹಿಡಿದು ದಪ್ಪನೆಯವರ ಜೊತೆ ಅಳೆದರು. ಜಾಗ ಬದಲಾಯಿತು. ಮುಂದಿನವರ ಜೊತೆ ಅಳೆದರು, ಬದಲಾಯಿತು. ಅಷ್ಟರಲ್ಲಿ ಆಟದ ಮರ್ಮ ಸಭೆಗೆ ತಿಳಿದುಹೋಗಿ, ಪ್ರತಿ ಸಲ ನನ್ನನ್ನು ಅಳೆದಾಗಲೂ "ಬದಲಿ!" ಎಂದು ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ಬ್ಯಾಂಕಿನ ಉದ್ದನೆಯವರ ಪಕ್ಕ ನನ್ನನ್ನು ನಿಲ್ಲಿಸಿದಾಗ ಅಳೆಯುವ ಮೊದಲೇ ಕೂಗಿದರು. ನಾನು ಎಡತುದಿ ಮುಟ್ಟಿದಾಗ ಬಿದ್ದ ಚಪ್ಪಾಳೆಗೆ ಕಿಟಕಿಯ ಪಾರಿವಾಳ ಹಾರಿದವು. "ಅಪ್ಪಾ ಫಸ್ಟ್ ಬಂದ!" ಎಂದು ಮಗಳು ಕುರ್ಚಿಯ ಮೇಲೆ ನಿಂತು ಕುಣಿದಳು.

ಕೆಳಗಿಳಿದ ಮೇಲೆ ಎಲ್ಲರೂ ಬಾಜೂ ಟೇಬಲಿನವರ ಕೈ ಕುಲುಕಿದರು. ಸಂಖ್ಯೆಯ ಕೈಯನ್ನು ಯಾರು ಕುಲುಕುತ್ತಾರೆ?

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಅಭಿಮಾನದಿಂದ ಹೇಳಿದಳು: "ಭಾಳ ಚಲೋ ನಿಂತಿದ್ರಿ."

ನಾನು ಟಿಕೆಟು ಮಡಚಿ ಜೇಬಿಗೆ ಹಾಕಿಕೊಂಡೆ.

"ಬಾಜೂ ಟೇಬಲಿನ ಅಣ್ಣಾರು ಎಷ್ಟ ಛಂದ ತಿಳಿಸಿ ಹೇಳಿದ್ರು! ಇಷ್ಟ ವರ್ಷಾತು, ನಿಮ್ಮ ಕೆಲಸ ಏನಂತ ನನಗ ಇವತ್ತ ತಿಳೀತು ನೋಡ್ರಿ."

ಅಂತೂ ಒಂದು ಉಪಯೋಗವಾಯಿತು ಎಂದು ಕೇಳಿದೆ: "ಏನು?"

"ಅವರು ಹೇಳಿದಂಗ ಆ ಕಡಿಂದ ಈ ಕಡಿಗಿ ಸರಿಯೂದು."

ಬಾಗಿಲು

ಮೂರನೆಯ ವರ್ಷ ಅಧ್ಯಕ್ಷರು ತಾವಾಗಿಯೇ ನನ್ನನ್ನು ಕರೆದರು. "ಪಾತ್ರಾಂವ್, ಈ ಸಲ ನೀವೂ ಮಾತಾಡಬೇಕು. ಊಟದ ಮೇಲಿನ ಹೊತ್ತು ನಿಮಗೆ."

ಊಟದ ಮೇಲಿನ ಹೊತ್ತು ಅಂದರೆ ಏನೆಂದು ಗೋವಾದಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಮೀನಿನ ಸಾರು, ಅನ್ನ, ಅದರ ಮೇಲೆ ನಿದ್ದೆ. ಮಧ್ಯಾಹ್ನ ಅಂಗಡಿಗಳೇ ಮುಚ್ಚುವ ಊರಿನಲ್ಲಿ ಮನುಷ್ಯರು ಕಣ್ಣು ತೆರೆದು ಕೂತಿರುತ್ತಾರೆಯೇ? ಆ ಹೊತ್ತನ್ನು ಎಲ್ಲರೂ ಬೇಡವೆಂದ ಮೇಲೆ ನನ್ನಲ್ಲಿಗೆ ಬಂದಿತ್ತು. ಇರಲಿ, ವೇದಿಕೆ ವೇದಿಕೆಯೇ. ಸಂಖ್ಯೆಯಾಗಿ ಹತ್ತಿದ್ದನ್ನು ಮನುಷ್ಯನಾಗಿ ಹತ್ತಿ ಸರಿಮಾಡಬೇಕಿತ್ತು.

ಎಲ್ಲರೂ ಊಟಕ್ಕೆ ಹೋದಾಗ ನಾನು ಊಟ ಬಿಟ್ಟು ವೇದಿಕೆಯ ಮೇಜಿನ ಕೆಳಗೆ ಕೂತು ವೈರು ಜೋಡಿಸುತ್ತಿದ್ದೆ. ಆ ಸಭಾಂಗಣಕ್ಕೆ ಒಬ್ಬ ಮುದುಕ ಕಾವಲುಗಾರನಿದ್ದ. ಮಧ್ಯಾಹ್ನವಾದ ಕೂಡಲೇ ಬಾಗಿಲು ಹಾಕಿ, ಮನೆಗೆ ಹೋಗಿ ಉಂಡು, ಮಲಗಿ, ಬಿಸಿಲು ಇಳಿದ ಮೇಲೆ ಬಂದು ತೆರೆಯುವುದು ಅವನ ಜೀವಮಾನದ ಪದ್ಧತಿ. ಸಮ್ಮೇಳನ ಬಂತೆಂದು ಅದನ್ನು ಬದಲಿಸಲು ಅವನಿಗೆ ಕಾರಣ ಕಂಡಿರಲಿಲ್ಲ. ಬಾಗಿಲಿನಿಂದಲೇ ಇಣುಕಿ ನೋಡಿದ, ಮೇಜಿನ ಕೆಳಗಿದ್ದ ನಾನು ಕಾಣಲಿಲ್ಲ. ಪೋರ್ಚುಗೀಸರ ಕಾಲದ ಆ ದಪ್ಪ ಬಾಗಿಲು ಎಳೆದು, ಕೀಲಿ ತಿರುಗಿಸಿ ಹೊರಟುಹೋದ. ಹೊರಗೆ ನೇತಾಡುವ ಬೀಗವಲ್ಲ ಅದು, ಬಾಗಿಲಿನ ಹೊಟ್ಟೆಯೊಳಗೇ ಇರುವಂಥದು.

ಸ್ವಲ್ಪ ಹೊತ್ತಿಗೆ ಹೊರಗೆ ಜನರ ಮಾತು ಕೇಳಿಸಿತು. ಊಟ ಮುಗಿಸಿ ಬಂದಿದ್ದರು. ನಾನು ಓಡಿಹೋಗಿ ಬಾಗಿಲು ಬಡಿದೆ. ಕೂಗಿದೆ. ಆ ಬಾಗಿಲಿನಲ್ಲಿ ಮಾತು ದಾಟುತ್ತಿರಲಿಲ್ಲ, ಸಪ್ಪಳ ಮಾತ್ರ ದಾಟುತ್ತಿತ್ತು. ಆದರೆ ಬಾಗಿಲ ಮೇಲಿದ್ದ ಗಾಳಿಕಂಡಿಯಿಂದ ಹೊರಗಿನ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಗುಂಪು, ನಾನೊಬ್ಬ; ಅವರ ಗದ್ದಲದಲ್ಲಿ ನನ್ನ ಕೂಗು ಮುಳುಗಿಹೋಗುತ್ತಿತ್ತು.

"ಬಾಗಿಲು ಹಾಕಿಕೊಂಡಿದ್ದಾರಲ್ಲ?" ಯಾರೋ ಕೇಳಿದರು.

"ಒಳಗ ಪ್ರಾಕ್ಟೀಸ್ ನಡಸ್ಯಾರ" ಎಂದದ್ದು ಬಾಜೂ ಟೇಬಲಿನವರ ದನಿ. "ಪಾಪ, ಊಟಾನೂ ಮಾಡಿಲ್ಲ. ತೊಂದರಿ ಕೊಡಬ್ಯಾಡ್ರಿ."

ನಾನು ಎರಡೂ ಕೈಯಿಂದ ಬಡಿದೆ.

"ಬಡಿಯುವ ಸದ್ದು ಬರುತ್ತಿದೆ?"

"ಬಾರ್ಜು ದಂಡಿಗಿ ಬಡಿಯೂ ಸಪ್ಪಳ ಇರಬೇಕದು. ಭಾಳ ಮನಸಿಟ್ಟು ತಯಾರಿ ಮಾಡ್ಯಾರ."

"ಅಲ್ಲಿಯವರೆಗೆ ನಾವೇನು ಮಾಡೋಣ ಪಾತ್ರಾಂವ್?" ಅಧ್ಯಕ್ಷರ ದನಿ.

"ಅವರ ಪ್ರೋಗ್ರಾಮಿನ ಬಗ್ಗೆ ನಾನs ನಾಕು ಮಾತು ಹೇಳಿರ್ತೇನಿ. ಒಳಗ ಹೋದ ಮ್ಯಾಲೆ ಮಂದಿಗೆ ಲಗೂನ ತಿಳೀತೈತಿ."

ಹೀಗೆ ಮೆಟ್ಟಿಲ ಮೇಲೆ ನಿಂತು, ನದಿಯ ಗಾಳಿಯಲ್ಲಿ, ಬಾಜೂ ಟೇಬಲಿನವರು ನನ್ನ ಭಾಷಣ ಮಾಡಿದರು. ನಾನು ಗಾಳಿಕಂಡಿಯ ಕೆಳಗೆ ನಿಂತು ಕೇಳಿದೆ. ಬಾರ್ಜು ಯಾವಾಗ ಹೊರಟಿತು, ಯಾವಾಗ ಮುಟ್ಟಿತು, ನಡುವೆ ಎಲ್ಲಿ ಹೊತ್ತು ಕಳೆಯಿತು ಎಂಬುದನ್ನು ಅವರು ಮನೆ ಬಿಟ್ಟು ತವರಿಗೆ ಹೊರಟ ಹೆಂಡತಿಯ ಉದಾಹರಣೆ ಕೊಟ್ಟು ವಿವರಿಸಿದರು. ಜನ ಬಿದ್ದು ಬಿದ್ದು ನಕ್ಕರು. ಆ ಉದಾಹರಣೆ ನನ್ನ ಭಾಷಣದಲ್ಲಿ ಇರಲಿಲ್ಲ. ಬೆಳಗಿನ ಸರದಿಯ ಭಾಷಣಗಳಲ್ಲೂ ತೂಕಡಿಸಿದ್ದ ಮಂದಿ ಊಟವಾದ ಮೇಲೆ, ನಿಂತುಕೊಂಡು, ಎಚ್ಚರವಾಗಿ ಕೇಳಿದರು. ನನ್ನ ಪ್ರೋಗ್ರಾಮು ಇಷ್ಟು ಚೆನ್ನಾಗಿದೆ ಎಂದು ನನಗೂ ಅಂದೇ ಗೊತ್ತಾದದ್ದು.

ಬಿಸಿಲು ಇಳಿದ ಮೇಲೆ ಕಾವಲುಗಾರ ಆಕಳಿಸುತ್ತ ಬಂದು ಕೀಲಿ ತಿರುಗಿಸಿದ. ನನ್ನನ್ನು ನೋಡಿ ಅವನಿಗೆ ಸಂತೋಷವಾಯಿತು. ಮಧ್ಯಾಹ್ನದ ನಿದ್ದೆಯ ಬೆಲೆ ತಿಳಿದ ಇನ್ನೊಬ್ಬ ಸಿಕ್ಕನೆಂದು ಬೆನ್ನು ತಟ್ಟಿದ. ಅಷ್ಟರಲ್ಲಿ ಚಹಾದ ಹೊತ್ತಾಗಿತ್ತು. ಅಧ್ಯಕ್ಷರು ಬಂದು ನನ್ನ ಕೈ ಹಿಡಿದುಕೊಂಡರು.

"ನಿಮ್ಮ ವಿಷಯ ಬಹಳ ಚೆನ್ನಾಗಿತ್ತು ಪಾತ್ರಾಂವ್. ನೀವೂ ಹೊರಗೆ ಬಂದು ಕೇಳಬೇಕಿತ್ತು."

ಶೀಲ್ಡು

ನಾಲ್ಕನೆಯ ವರ್ಷ ಸಮ್ಮೇಳನದವರು ಸ್ಪರ್ಧೆ ಇಟ್ಟರು. ಒಳ್ಳೆಯ ಪ್ರೋಗ್ರಾಮಿಗೆ ಒಂದು ಶೀಲ್ಡು. ಇದೂ ಬಾಜೂ ಟೇಬಲಿನವರ ಮನೆಗೇ ಹೋಗುತ್ತದೆ ಎಂದು ನಾನು ಕೈತೊಳೆದುಕೊಂಡಿದ್ದೆ. ಆದರೆ ಅವರು ತಾವಾಗಿಯೇ ಬಂದು ಸುದ್ದಿ ಹೇಳಿದರು: "ನನ್ನ ತೀರ್ಪುಗಾರ ಮಾಡ್ಯಾರ್ರಿ. ನಾ ಸ್ಪರ್ಧಾಕ್ಕ ಬರಂಗಿಲ್ಲ. ನಿಮ್ಮದು ತಯಾರ ಮಾಡ್ಕೊಳ್ರಿ."

ಆ ರಾತ್ರಿ ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಹೆಂಡತಿ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ಸಭೆಯಲ್ಲಿ ಎರಡನೆಯ ಸಾಲಿನಲ್ಲೇ ಜಾಗ ಸಿಕ್ಕಿತು. ಮುಂದೆ ಪೇಪರಿನ ಫೋಟೋದವನೂ ನಿಂತಿದ್ದ. ಅವಳು ಸುತ್ತ ನೋಡಿ ಕೇಳಿದಳು:

"ಈ ಸಲ ಅಣ್ಣಾರು ಮಾತಾಡಾಂಗಿಲ್ಲೇನ್ರಿ?"

"ಇಲ್ಲ. ಈ ಸಲ ನಾನು."

"ಅಯ್ಯ! ಮತ್ತ ಇಷ್ಟು ಛಂದನ ಸೀರಿ ಉಟ್ಟು ಬಂದೆ."

ನನ್ನ ಸರದಿ ಬಂತು. ಬೂಟು ಇತ್ತು, ಕಾಲುಚೀಲ ನೆಟ್ಟಗಿತ್ತು, ಕರೆಂಟು ಇತ್ತು, ಬಾಗಿಲು ತೆರೆದಿತ್ತು. ವೇದಿಕೆಯ ಮೇಲಿದ್ದದ್ದು ಯಾವುದೋ ಕಾಲೇಜಿನಿಂದ ತಂದ ಹಳೆಯ ಯಂತ್ರ. ಶುರು ಮಾಡಿದೆ. ಅದು ಎದ್ದು, ಇವತ್ತು ತಾರೀಖು ಎಷ್ಟೆಂದು ಕೇಳಿತು.

ನನ್ನ ಬೆರಳು ತಾನೇ ಹೋಗಿ ಎಂಟರ್ ಒತ್ತಿತು.

ಫ್ಲಾಪಿ ಹಾಕಿದೆ, ಪ್ರೋಗ್ರಾಮು ಬಂತು. "ಇದು ನಿನ್ನೆ ಬೆಳಗ್ಗೆ ನದಿದಂಡೆ ಬಿಟ್ಟ ಬಾರ್ಜು" ಎಂದು ಮೈಕಿನಲ್ಲಿ ಹೇಳಿದೆ. "ಈಗ ಬಂದರು ಮುಟ್ಟಿತು ಅಂತ ತಿಳಿಯಿರಿ. ನಾನು ತಾರೀಖು ಬರೆಯಬೇಕಾಗಿಲ್ಲ. ಈ ಒಂದು ಕೀಲಿ ಒತ್ತಿದರೆ ಮುಟ್ಟಿದ ತಾರೀಖು ತಾನೇ ಬರುತ್ತದೆ." ಒತ್ತಿದೆ. ಮುಗುಳ್ನಕ್ಕು ಹೆಂಡತಿಯ ಕಡೆ ನೋಡಿದೆ.

ಎಂದಿನಂತೆ ಅಧ್ಯಕ್ಷರು ಪರದೆಯತ್ತ ಬಗ್ಗಿ, ಬ್ಯಾಂಕಿನ ದನಿಯಲ್ಲಿ ಓದಿದರು: "ಹೊರಟದ್ದು, ನಿನ್ನೆ. ಮುಟ್ಟಿದ್ದು..." ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು: "ಮುಟ್ಟಿದ್ದು, ಸಾವಿರದ ಒಂಬೈನೂರಾ ಎಂಬತ್ತು, ಜನವರಿ ಒಂದು."

ಆ ಹಳೆಯ ಯಂತ್ರಗಳ ಗುಣವೇ ಅದು. ತಾರೀಖು ನೆನಪಿಟ್ಟುಕೊಳ್ಳಲು ಒಳಗೆ ಬ್ಯಾಟರಿ ಇಲ್ಲದಿದ್ದರೆ, ಯಾರೂ ಹೇಳಿಕೊಡದಿದ್ದರೆ, ಅವು ಎದ್ದಾಗಲೆಲ್ಲ ಎಂಬತ್ತನೆಯ ಇಸವಿಯ ಮೊದಲ ದಿನವೇ ಎಂದು ತಿಳಿದುಕೊಳ್ಳುತ್ತಿದ್ದವು.

ಹಿಂದಿನ ಸಾಲಿನಿಂದ ಬಾರ್ಜು ಮಾಲಕರೊಬ್ಬರು ಕೂಗಿದರು: "ನಿನ್ನೆ ಹೊರಟು ಹದಿನಾಲ್ಕು ವರ್ಷ ಮೊದಲೇ ಮುಟ್ಟಿದೆ! ಅಂಥಾ ಬಾರ್ಜು ನಮಗೂ ಎರಡು ಕೊಡಿಸಿ!" ಸಭಾಂಗಣ ನಗೆಯಲ್ಲಿ ಹಾರಿಹೋಯಿತು. ಬ್ಯಾಂಕಿನ ಉದ್ದನೆಯವರು ಕಣ್ಣೊರೆಸಿಕೊಂಡರು. ಇಷ್ಟು ಜನ ಇಷ್ಟು ಸಂತೋಷಪಡುವುದನ್ನು ಕಂಡು ನನ್ನ ಹೆಂಡತಿ, ಗಂಡ ಗೆದ್ದನೆಂದು ತಿಳಿದು, ಬಳೆ ಸದ್ದಾಗುವ ಹಾಗೆ ಚಪ್ಪಾಳೆ ತಟ್ಟಿದಳು. ಅವಳ ಕೈ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಫ್ಲಾಪಿ ತೆಗೆದು ಜೇಬಿಗೆ ಹಾಕಿಕೊಂಡು, ಇಳಿಯುವ ಮೆಟ್ಟಿಲು ಎಲ್ಲಿದೆಯೆಂದು ನೋಡಿದೆ.

ಆಗ ತೀರ್ಪುಗಾರರು ಎದ್ದರು. ಬಾಜೂ ಟೇಬಲಿನವರು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ನಗಬ್ಯಾಡ್ರಿ. ಇಲ್ಲಾ, ನಗ್ರಿ, ಆದರ ಮೊದಲ ಒಂದು ಮಾತಿಗೆ ಉತ್ತರಾ ಕೊಡ್ರಿ. ಯಂತ್ರ ತಾರೀಖು ಕೇಳಿದಾಗ ಖರೇ ತಾರೀಖು ಹೊಡದವರು ಈ ಹಾಲಿನಾಗ ಯಾರರ ಇದ್ದರ ಕೈ ಎತ್ರಿ."

ಯಾರೂ ಎತ್ತಲಿಲ್ಲ. ಅಧ್ಯಕ್ಷರ ಕೈ ಅರ್ಧಕ್ಕೆ ಬಂದಿತ್ತು, ಯೋಚಿಸಿ ಕೆಳಗಿಳಿಸಿದರು.

"ಮೊದಲನೇ ವರ್ಷ ಇದs ವೇದಿಕಿ ಮ್ಯಾಲೆ ನಾನೂ ಎಂಟರ್ ಹೊಡದೆ. ನನ್ನ ಪ್ರೋಗ್ರಾಮು ಎಂಬತ್ತರ ಜನವರಿ ಪಗಾರ ಹಂಚಿರಬೇಕು. ನಿಮಗ ತಿಳೀಲಿಲ್ಲ, ನನಗೂ ತಿಳೀಲಿಲ್ಲ, ಎಲ್ಲಾರೂ ಚಪ್ಪಾಳಿ ಹೊಡದ್ವಿ. ಇವತ್ತ ಇವರ ಪ್ರೋಗ್ರಾಮು ನಮ್ಮ ತಪ್ಪು ಮುಚ್ಚಲಿಲ್ಲ. ನಾವು ಏನು ಹೇಳಿದ್ವೋ ಅದನ್ನ ಮಂದಿ ಮುಂದ ಓದಿಸ್ತು. ಪ್ರೋಗ್ರಾಮು ಅಂದ್ರ ಹಿಂಗಿರಬೇಕು. ಶೀಲ್ಡ್ ಇದಕ್ಕ."

ಸಭೆ ಎದ್ದು ನಿಂತಿತು. ಹಾಗೆ ಚಪ್ಪಾಳೆ ಬಿದ್ದದ್ದನ್ನು ನಾನು ಆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಎಲ್ಲರೂ ಬಾಜೂ ಟೇಬಲಿನವರನ್ನೇ ನೋಡುತ್ತ ಹೊಡೆಯುತ್ತಿದ್ದರು. ತಪ್ಪು ಮಾಡಿದವನು ನಾನು, ಶೀಲ್ಡು ಗೆದ್ದವನು ನಾನು. ತಪ್ಪು ಒಪ್ಪಿಕೊಂಡ ಕೀರ್ತಿ ಅವರಿಗೆ. ಇನ್ನು ಇಂಥ ಮನುಷ್ಯರ ಮೇಲೆ ಸಿಟ್ಟು ಮಾಡಲು ಜಾಗವಾದರೂ ಎಲ್ಲಿ ಉಳಿಯಿತು? ಅದನ್ನೂ ಅವರೇ ತೆಗೆದುಕೊಂಡರು.

ಶೀಲ್ಡು ದೊಡ್ಡದಿತ್ತು. ಸಾಗುವಾನಿ ಹಲಗೆ, ನಡುವೆ ಹಿತ್ತಾಳೆಯ ತಗಡು. ಅವರು ಕೊಟ್ಟರು, ನಾನು ಹಿಡಿದೆ. ಫೋಟೋದವನು "ಸ್ವಲ್ಪ ಮೇಲೆ ಎತ್ತಿ" ಎಂದ. ಎತ್ತಿದೆ. ಬೆಳಕು ಮಿಂಚಿತು.

ಫೋಟೋ ಪೇಪರಿನಲ್ಲಿ ಬಂತು. ನಡುವೆ ಬಾಜೂ ಟೇಬಲಿನವರು ನಗುತ್ತಿದ್ದಾರೆ. ಪಕ್ಕದಲ್ಲಿ ಶೀಲ್ಡು ಪೂರ್ತಿ ಕಾಣುತ್ತದೆ. ಸಣ್ಣ ಸಂಖ್ಯೆ ಶೀಲ್ಡಿನ ಹಿಂದೆ ಅಡಗಿಹೋಗಿದೆ. ಅಂಚಿನಲ್ಲಿ ನಾಲ್ಕು ಬೆರಳು ಮಾತ್ರ ಹೊರಗಿವೆ.

ಹೆಂಡತಿ ಅದನ್ನು ಕತ್ತರಿಸಿ, ಮ್ಹಾಪಸಾದ ಶುಕ್ರವಾರದ ಸಂತೆಯಿಂದ ಚೌಕಟ್ಟು ತಂದು, ಷೋಕೇಸಿನಲ್ಲಿ ಶೀಲ್ಡಿನ ಪಕ್ಕ ಇಟ್ಟಿದ್ದಾಳೆ. ಊರಿನಿಂದ ಯಾರೇ ಬರಲಿ, ಮೊದಲು ಅದನ್ನೇ ನೋಡುತ್ತಾರೆ.

"ಇವರs ಏನ್ರಿ ನಿಮ್ಮ ಮನಿಯವರು? ಎಷ್ಟ ಎತ್ತರ ಅದಾರ!"

"ಇಲ್ರಿ, ಅವರು ಬಾಜೂ ಟೇಬಲಿನ ಅಣ್ಣಾರು. ಭಾಳ ದೊಡ್ಡ ಮನಷ್ಯಾರು." ಆಮೇಲೆ ಸೆರಗಿನ ತುದಿಯಿಂದ ಗಾಜು ಒರೆಸಿ, ಶೀಲ್ಡಿನ ಅಂಚಿನ ಮೇಲೆ ಬೆರಳಿಟ್ಟು, ದನಿ ಸ್ವಲ್ಪ ಎತ್ತರಿಸಿ ಹೇಳುತ್ತಾಳೆ:

"ಈ ಕೈ ಐತೆಲ್ರಿ, ಇದು ನಮ್ಮ ಮನಿಯವರದು. ಟೈಪಿಂಗ್ ಭಾಳ ಚಲೋ ಮಾಡ್ತಾರ."